ಮಾಲ್ಡೀವ್ಸ್‌ನಲ್ಲಿ ರೀಫ್ ಶಾರ್ಕ್ ಎದುರಾದರೆ ಭಯಪಡಬೇಕಾ?

ಮಾಲ್ಡೀವ್ಸ್‌ಗೆ ಹೊರಟಿದ್ದೀರಿ. ಅಲ್ಲಿ ನೀರಿಗಿಳಿದರೆ ರೀಫ್ ಶಾರ್ಕ್ (ರೀಫ್ ಅಂದರೆ ಸಮುದ್ರದೊಳಗಿನ ಹವಳದ ದಿಬ್ಬ) ಸಿಗುತ್ತವಂತೆ, ಅವು ಹೇಗೆ ಬದುಕುತ್ತವೆ, ಹೇಗೆ ಬೇಟೆಯಾಡುತ್ತವೆ, ನಮ್ಮ ಮೇಲೆ ಬೀಳುತ್ತವಾ ಎಂದು ಕೇಳಿದ್ದೀರಿ. ಸಿಗುತ್ತವೆ. ಮೇಲೆ ಬೀಳುವುದು ತೀರಾ ಅಪರೂಪ. ನಾನು ಅಲ್ಲಿ ಡೈವಿಂಗ್ ಮಾಡಿದ್ದೇನೆ, ಈ ಮೀನುಗಳೆಂದರೆ ನನಗೆ ತುಂಬಾ ಇಷ್ಟ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಿಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮೂರು ಬಗೆ. ದಡದ ಹತ್ತಿರ, ಮೊಣಕಾಲುದ್ದದ ನೀರಿನಲ್ಲೂ ಓಡಾಡುವುದು ಬ್ಲ್ಯಾಕ್‌ಟಿಪ್. ಬೆನ್ನಿನ ರೆಕ್ಕೆಯ ತುದಿ ಕಪ್ಪು, ದೊಡ್ಡದಾದರೂ ಸುಮಾರು ಒಂದೂವರೆ ಮೀಟರ್. ಇದು ನಿಮ್ಮನ್ನು ಕಂಡರೆ ಸರಕ್ಕನೆ ತಿರುಗಿ ಹೋಗುತ್ತದೆ. ಹವಳದ ಗುಹೆಗಳಲ್ಲಿ ಮಲಗಿರುವುದು ವೈಟ್‌ಟಿಪ್. ರೀಫ್‌ನ ಹೊರ ಅಂಚಿನಲ್ಲಿ, ನೀರು ಜೋರಾಗಿ ಹರಿಯುವ ಕಡೆ ಗುಂಪಾಗಿ ಇರುವುದು ಗ್ರೇ ರೀಫ್ ಶಾರ್ಕ್.

ಈ ಕುಟುಂಬದ ಹೆಚ್ಚಿನ ಶಾರ್ಕ್‌ಗಳು ಉಸಿರಾಡಬೇಕಾದರೆ ಈಜುತ್ತಲೇ ಇರಬೇಕು. ವೈಟ್‌ಟಿಪ್‌ಗೆ ಆ ತೊಂದರೆ ಇಲ್ಲ. ಸುಮ್ನೆ ಮಲಗಿಕೊಂಡೇ ಬಾಯಿಯಿಂದ ನೀರು ಎಳೆದು ಕಿವಿರುಗಳಿಗೆ ಹರಿಸುತ್ತದೆ. ಹಗಲೆಲ್ಲ ನಿದ್ದೆಯಂಥ ವಿಶ್ರಾಂತಿ, ಕತ್ತಲಾದ ಮೇಲೆ ಬೇಟೆ. ಸಪೂರ ಮೈ, ದಪ್ಪ ಚರ್ಮ. ಹವಳದ ಸಂದಿಯೊಳಗೆ ಮೈ ತೂರಿಸಿ, ಅಡಗಿರುವ ಮೀನನ್ನೋ ಆಕ್ಟೋಪಸ್ಸನ್ನೋ ಎಳೆದು ತಿನ್ನುತ್ತದೆ. ಕತ್ತಲಲ್ಲಿ ಹೇಗೆ ಗೊತ್ತಾಗುತ್ತದೆ ಅಂದರೆ, ವಾಸನೆ ಇದೆ, ನೀರಿನ ಅಲುಗಾಟ ತಿಳಿಯುತ್ತದೆ. ಅದರ ಜೊತೆಗೆ ಮೂತಿಯ ಮೇಲಿನ ಸಣ್ಣ ಸಣ್ಣ ರಂಧ್ರಗಳು ಬೇರೆ ಜೀವಿಯ ಮೈಯಿಂದ ಹೊಮ್ಮುವ ನವಿರಾದ ವಿದ್ಯುತ್ತನ್ನೂ ಗುರುತಿಸುತ್ತವೆ.

ಗ್ರೇ ಶಾರ್ಕ್‌ಗೆ ವೇಗ ಜಾಸ್ತಿ, ಆದರೆ ಮೈ ದಪ್ಪ. ಸಂದಿಗೆ ನುಗ್ಗಲು ಆಗುವುದಿಲ್ಲ. ಅದಕ್ಕೆ ಇದು ಕಂಡುಕೊಂಡ ದಾರಿ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷಿಯಾದ ಫಕರಾವಾ ಎಂಬ ಹವಳ ದ್ವೀಪದ ದಕ್ಷಿಣದ ಕಾಲುವೆಯಲ್ಲಿ ನೂರಾರು ಗ್ರೇ ಶಾರ್ಕ್‌ಗಳಿವೆ. ರಾತ್ರಿ ಅವು ವೈಟ್‌ಟಿಪ್‌ಗಳ ಹಿಂದೆಯೇ ತಿರುಗುತ್ತವೆ. ವೈಟ್‌ಟಿಪ್ ಸಂದಿಗೆ ನುಗ್ಗಿದಾಗ ಹೆದರಿ ಹೊರಬಂದ ಮೀನನ್ನು ಇವು ಹಿಡಿಯುತ್ತವೆ. ಕೆಲವೊಮ್ಮೆ ವೈಟ್‌ಟಿಪ್ ಹಿಡಿದದ್ದನ್ನೇ ಕಿತ್ತುಕೊಳ್ಳುತ್ತವೆ. ಜೂನ್-ಜುಲೈನಲ್ಲಿ ಅದೇ ಕಾಲುವೆಗೆ ಸಾವಿರಾರು ಗ್ರೂಪರ್ ಮೀನುಗಳು, ಅಂದರೆ ನಮ್ಮ ಕರಾವಳಿಯ ಮುರು ಮೀನಿನ ಬಳಗದವು, ಮೊಟ್ಟೆಯಿಡಲು ಬಂದು ಸೇರುತ್ತವೆ. ಆಗ ಶಾರ್ಕ್‌ಗಳಿಗೆ ಹಬ್ಬ.

ಇನ್ನು ಆತ್ಮರಕ್ಷಣೆ. ಇವುಗಳಿಗೂ ಶತ್ರುಗಳಿದ್ದಾರೆ, ಟೈಗರ್ ಶಾರ್ಕ್, ಹ್ಯಾಮರ್‌ಹೆಡ್ ಶಾರ್ಕ್ ಇವನ್ನು ತಿನ್ನುತ್ತವೆ. ಅಪಾಯ ಕಂಡರೆ ಮೊದಲು ಮಾಡುವುದು ಓಡುವುದು. ಓಡಲು ದಾರಿ ಇಲ್ಲದಿದ್ದರೆ ಗ್ರೇ ಶಾರ್ಕ್ ಎಚ್ಚರಿಕೆ ಕೊಡುತ್ತದೆ. ನಾಯಿ ಎದುರಾದಾಗ ಬೆಕ್ಕು ಬೆನ್ನು ಉಬ್ಬಿಸುವ ಹಾಗೆ ಬೆನ್ನು ಬಾಗಿಸುತ್ತದೆ, ಮೂತಿ ಮೇಲೆತ್ತುತ್ತದೆ, ಎದೆಯ ಪಕ್ಕದ ಎರಡೂ ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಡುತ್ತದೆ. ಮೈಯನ್ನೆಲ್ಲ ಅತ್ತಿತ್ತ ಬಳುಕಿಸುತ್ತಾ ಈಜುತ್ತದೆ. ಪೆಸಿಫಿಕ್‌ನ ಎನಿವೆಟಾಕ್ ದ್ವೀಪದಲ್ಲಿ ಜಾನ್ಸನ್ ಮತ್ತು ನೆಲ್ಸನ್ ಎಂಬ ವಿಜ್ಞಾನಿಗಳು ಶಾರ್ಕ್‌ಗಳ ಕಡೆಗೆ ಬೇಕೆಂದೇ ಈಜಿ ಇದನ್ನು ಪರೀಕ್ಷಿಸಿ, 1973ರಲ್ಲಿ ಪ್ರಕಟಿಸಿದರು. ಹೆಚ್ಚು ಇಕ್ಕಟ್ಟಿಗೆ ಸಿಕ್ಕಷ್ಟೂ ಈ ವರ್ತನೆ ಜೋರಾಗುತ್ತಿತ್ತು. ಅದಕ್ಕೂ ಬಗ್ಗದೆ ಹತ್ತಿರ ಹೋದರೆ ಒಮ್ಮೆ ಕಚ್ಚಿ ಓಡಿಹೋಗುತ್ತದೆ. ಅದು ತಿನ್ನಲು ಕಚ್ಚುವುದಲ್ಲ, ನಿಮ್ಮನ್ನು ದೂರ ಇಡಲು.

ಹಾಗಾಗಿ ಫೋಟೋಗಾಗಿ ಬೆನ್ನು ಹತ್ತಬೇಡಿ. ಹವಳದ ಗೋಡೆ ಮತ್ತು ನಿಮ್ಮ ನಡುವೆ ಶಾರ್ಕ್ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಬೆನ್ನು ಬಾಗಿಸಿದ್ದು ಕಂಡರೆ ಅದರ ಕಡೆಗೇ ಮುಖ ಮಾಡಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ. ಕ್ಯಾಮೆರಾ ಫ್ಲ್ಯಾಶ್ ಬೇಡ. ಗುಹೆಯಲ್ಲಿ ಮಲಗಿರುವ ವೈಟ್‌ಟಿಪ್‌ನ ಬಾಲ ಮುಟ್ಟುವವರನ್ನು ನೋಡಿದ್ದೇನೆ, ನನಗೆ ಸಿಟ್ಟು ಬರುತ್ತದೆ. ಈಟಿಯಿಂದ ಮೀನು ಹಿಡಿಯುವವರ ಹತ್ತಿರ, ಮೀನಿನ ತುಂಡು ಎಸೆಯುವ ಕಡೆ ನೀರಿಗಿಳಿಯಬೇಡಿ. ಆಹಾರದ ವಾಸನೆ ಇದ್ದಲ್ಲಿ ಅವು ಬೇರೆಯದೇ ರೀತಿ ನಡೆದುಕೊಳ್ಳುತ್ತವೆ.

ಅಲ್ಲಿ ಇವು ಇನ್ನೂ ಕಾಣಸಿಗುವುದಕ್ಕೆ ಕಾರಣವೂ ಇದೆ. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ಜಗತ್ತಿನ 371 ರೀಫ್‌ಗಳಲ್ಲಿ ಕ್ಯಾಮೆರಾ ಇಳಿಸಿ ನಡೆಸಿದ ಸಮೀಕ್ಷೆ 2020ರಲ್ಲಿ ಪ್ರಕಟವಾಯಿತು, ಅದರಲ್ಲಿ ಸುಮಾರು ಐದರಲ್ಲೊಂದು ರೀಫ್‌ನಲ್ಲಿ ಒಂದೇ ಒಂದು ಶಾರ್ಕ್ ಕಾಣಿಸಲಿಲ್ಲ. ಗ್ರೇ ಶಾರ್ಕ್ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಅದೂ ಒಂದು ಸಲಕ್ಕೆ ಒಂದರಿಂದ ಆರು ಮಾತ್ರ. ಹಿಡಿದು ಖಾಲಿ ಮಾಡಿದಷ್ಟು ಬೇಗ ತುಂಬಿಕೊಳ್ಳಲು ಅವುಗಳಿಂದ ಆಗದು. ಎಲ್ಲಾದರೂ ಅಂಗಡಿಯಲ್ಲಿ ಶಾರ್ಕ್ ಹಲ್ಲಿನ ಸರವೋ ದವಡೆಯೋ ಕಂಡರೆ ದಯವಿಟ್ಟು ಕೊಳ್ಳಬೇಡಿ.