ಇಂಗ್ಲಿಷ್ ಬಂತು, ಕನ್ನಡ ಏಕೆ ಬರಲಿಲ್ಲ?

ಪ್ರಶ್ನೆ: ನಮ್ಮ ತಂದೆಯವರು ತಾಳಮದ್ದಳೆಯ ಅರ್ಥಧಾರಿ. ಹರಾಜಿನಲ್ಲಿ ಕೊಂಡ ಹಳೆಯ 386 ಕಂಪ್ಯೂಟರಿನಲ್ಲಿ, ಪರದೆಯ ಮೇಲೆ ಕನ್ನಡ ಮೂಡಿಸುವ ಜಿಸ್ಟ್ ಕಾರ್ಡ್ ಹಾಕಿಸಿ, ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಅದರ ಫ್ಲಾಪಿ ಡ್ರೈವ್ ಕೆಟ್ಟಿದೆ. ಮನೆಯಲ್ಲಿರುವ 486ರ ಫ್ಲಾಪಿ ಚೆನ್ನಾಗಿದೆ. ಎರಡರಲ್ಲೂ ಇರುವುದು ಡಾಸ್ 6.22 ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್. ಪರಿಚಯದವರೊಬ್ಬರು ಸೀರಿಯಲ್ ಕೇಬಲ್ ಜೋಡಿಸಿ, ಎರಡೂ ಕಡೆ ‘ಮೋಡ್ ಕಾಮ್1:9600’ ಎಂದು ಕೊಟ್ಟು ಕಾಪಿ ಮಾಡಿದರು. ಇಂಗ್ಲಿಷ್ ಸಾಲುಗಳು ಬಂದವು, ಕನ್ನಡವೆಲ್ಲ ಅಂಕಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಲ್ಲಲ್ಲಿ ಅಕ್ಷರಗಳೂ ಮಾಯ. ಕಡತಗಳು ಹಾಳಾಗಿವೆಯೇ?
– ಓದುಗರು, ಸಾಗರ

ಉತ್ತರ: ಇಲ್ಲ, ಧೈರ್ಯವಾಗಿರಿ. 386ರಲ್ಲಿರುವ ಮೂಲಕ್ಕೆ ಏನೂ ಆಗಿಲ್ಲ. ಕೇಬಲ್ಲೂ ಸರಿಯಾಗಿದೆ, ಇಲ್ಲದಿದ್ದರೆ ಇಂಗ್ಲಿಷ್ ಕೂಡ ಬರುತ್ತಿರಲಿಲ್ಲ. ತಪ್ಪಿರುವುದು ಕೇಬಲ್ಲಿನಲ್ಲಿ ಅಕ್ಷರ ಹೇಗೆ ಹೋಗಬೇಕೆಂದು ಹೇಳುವ ಆ ಮೋಡ್ ಆಜ್ಞೆಯಲ್ಲಿ. ವೇಗವನ್ನಷ್ಟೇ ಹೇಳಿ ಸುಮ್ಮನಾದರೆ ಡಾಸ್ ತಾನಾಗಿಯೇ ಒಂದು ಅಕ್ಷರಕ್ಕೆ 7 ಬಿಟ್ (0 ಅಥವಾ 1ರ ಏಳು ಮನೆ) ಎಂದು ಇಟ್ಟುಕೊಳ್ಳುತ್ತದೆ. ಇಂಗ್ಲಿಷಿಗೆ 7 ಬಿಟ್ ಸಾಕು. ಜಿಸ್ಟ್ ಬಳಸುವ, ಭಾರತೀಯ ಲಿಪಿಗಳಿಗೆ ಸಂಖ್ಯೆ ಕೊಡುವ ಇಸ್ಕಿ ಸಂಕೇತದಲ್ಲಿ ಕನ್ನಡ ಕೂತಿರುವುದು 128ರಿಂದ ಮೇಲೆ, ಅದಕ್ಕೆ ಎಂಟನೆಯ ಬಿಟ್ ಬೇಕೇ ಬೇಕು. ‘ಕ’ ಅಕ್ಷರದ ಸಂಖ್ಯೆ 179. ಎಂಟನೆಯ ಬಿಟ್ ಬಿದ್ದುಹೋದರೆ 128 ಕಳೆದು 51 ಉಳಿಯುತ್ತದೆ. ಅದು ಅಂಕಿ 3. ‘ನ’ 198, ಅದು 70 ಆಗಿ ಇಂಗ್ಲಿಷಿನ ದೊಡ್ಡ ಎಫ್ ಆಗುತ್ತದೆ. ‘ಡ’ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ನಿಮ್ಮ ಪರದೆಯ ಮೇಲೆ ಬಂದದ್ದು ಇದೇ.

ಮೋಡ್ ಆಜ್ಞೆಯಲ್ಲಿ ‘9600,ಎನ್,8,1’ ಎಂದು ಪೂರ್ತಿ ಕೊಟ್ಟರೆ (8 ಎಂದರೆ ಎಂಟು ಬಿಟ್) ಕನ್ನಡ ಉಳಿಯುತ್ತದೆ. ಆದರೂ ಆ ದಾರಿ ಬೇಡ ಎನ್ನುತ್ತೇನೆ. ಕಾಪಿ ಆಜ್ಞೆ ಬಂದದ್ದನ್ನು ತಾಳೆ ನೋಡುವುದಿಲ್ಲ, ಪಡೆಯುವ ಕಡೆಯ ಯಂತ್ರ ಒಂದು ಕ್ಷಣ ಹಿಂದೆ ಬಿದ್ದರೂ ಅಕ್ಷರ ತಪ್ಪಿಹೋಗುತ್ತದೆ. ಅರ್ಥಗಾರಿಕೆ ರಂಗದಲ್ಲಿ ಆಗಲೇ ಹುಟ್ಟಿ ಅಲ್ಲೇ ಮುಗಿಯುವ ಮಾತು. ಅದಕ್ಕೆಂದು ಒಬ್ಬ ಅರ್ಥಧಾರಿ ಮಾಡಿಟ್ಟ ಟಿಪ್ಪಣಿಯಲ್ಲಿ ಒಂದು ಒತ್ತಕ್ಷರವೂ ಹೋಗಬಾರದು.

ಡಾಸ್ 6.22ರಲ್ಲೇ ಇದಕ್ಕೆ ಒಳ್ಳೆಯ ಸಾಧನವಿದೆ: ಇಂಟರ್‌ಲಿಂಕ್ ಮತ್ತು ಇಂಟರ್‌ಸರ್ವರ್. ಕಡತದ ಹೆಸರು ಎಂಟು ಅಕ್ಷರ ಮೀರುವಂತಿಲ್ಲವಾದ್ದರಿಂದ ‘ಲಿಂಕ್’ನಲ್ಲಿ ಐ ಇಲ್ಲ, ‘ಸರ್ವರ್’ಗೆ ಎಸ್, ವಿ, ಆರ್ ಮಾತ್ರ. 486 ಶುರುವಾಗುವಾಗ ಓದುವ ಕಾನ್ಫಿಗ್ ಕಡತದ (CONFIG.SYS) ಕೊನೆಗೆ ‘ಡಿವೈಸ್=’ ಎಂದು ಬರೆದು, ಡಾಸ್ ಡೈರೆಕ್ಟರಿಯಲ್ಲಿರುವ ಇಂಟರ್‌ಲಿಂಕ್‌ನ ಪೂರ್ತಿ ವಿಳಾಸ ಸೇರಿಸಿ. ಎರಡೂ ಯಂತ್ರ ಆಫ್ ಆಗಿರುವಾಗಲೇ ಕೇಬಲ್ ಹಾಕಿ, ಎರಡರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕೊಡಿ. 386ರಲ್ಲಿ ಇಂಟರ್‌ಸರ್ವರ್ ಓಡಿಸಿ. ಆಲ್ಟ್-ಎಫ್4 ಒತ್ತುವವರೆಗೂ ಅದು ಬೇರೆ ಕೆಲಸ ಮಾಡುವುದಿಲ್ಲ. 486ರಲ್ಲಿ ಇಂಟರ್‌ಲಿಂಕ್ ಎಂದು ಟೈಪ್ ಮಾಡಿದರೆ 386ರ ಸಿ ಡ್ರೈವ್ ಇಲ್ಲಿ ಯಾವ ಅಕ್ಷರದಲ್ಲಿ ಸಿಗುತ್ತದೆಂದು ಪಟ್ಟಿ ಬರುತ್ತದೆ. ಆಮೇಲೆ ಅದು ನಿಮ್ಮದೇ ಇನ್ನೊಂದು ಡ್ರೈವ್ ಇದ್ದ ಹಾಗೆ. ಎಕ್ಸ್‌ಕಾಪಿ ಮಾಡಿ, ‘ಎಫ್‌ಸಿ /ಬಿ’ ಆಜ್ಞೆಯಿಂದ ಒಂದೊಂದು ಕಡತವನ್ನೂ ಮೂಲದ ಜೊತೆ ಬೈಟ್ ಬೈಟಾಗಿ ಹೋಲಿಸಿ. ಈ ಹೋಲಿಕೆ ದಯವಿಟ್ಟು ಬಿಡಬೇಡಿ.

486ರಲ್ಲಿ ಜಿಸ್ಟ್ ಕಾರ್ಡ್ ಇಲ್ಲದಿದ್ದರೆ ಅಲ್ಲಿ ಕನ್ನಡ ಕಾಣಿಸದು. ‘ಕ’ ಇದ್ದಲ್ಲಿ ಒಂದು ನೆಟ್ಟಗೆರೆ, ಒತ್ತಕ್ಷರದ ಜಾಗದಲ್ಲಿ ಗ್ರೀಕಿನ ಫೈ ಕಂಡರೆ ಸಂತೋಷಪಡಿ, ಎಂಟೂ ಬಿಟ್ ಬಂದಿವೆ ಎಂದರ್ಥ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು. 386 ಆನ್ ಮಾಡಿದ ಕೂಡಲೇ ಸೆಟಪ್ ಪರದೆಗೆ ಹೋಗಿ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಿ. ಬೋರ್ಡಿನ ಬ್ಯಾಟರಿ ಸತ್ತರೆ ಯಂತ್ರ ಆ ಸಂಖ್ಯೆಗಳನ್ನು ಮರೆಯುತ್ತದೆ, ಡಿಸ್ಕ್ ಇಲ್ಲವೇ ಇಲ್ಲ ಎನ್ನುತ್ತದೆ.

ಹೊಸದಾಗಿ ಕೇಬಲ್ ಕೊಳ್ಳುವ ಇತರ ಓದುಗರು ‘ನಲ್ ಮೋಡೆಮ್ ಕೇಬಲ್’ (ಎರಡು ಕಂಪ್ಯೂಟರುಗಳನ್ನು ನೇರ ಜೋಡಿಸುವ ಸೀರಿಯಲ್ ಕೇಬಲ್) ಎಂದೇ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ 9 ಪಿನ್ನಿನ ಎರಡು ಫೀಮೇಲ್ ಕನೆಕ್ಟರ್ ಕೊಂಡು ಬೆಸುಗೆ ಹಾಕಿಸಿಕೊಳ್ಳಲೂಬಹುದು: ಒಂದು ಬದಿಯ 2 ಇನ್ನೊಂದು ಬದಿಯ 3ಕ್ಕೆ, 7 ಹೋಗಿ 8ಕ್ಕೆ, 4 ಹೋಗಿ 6ಕ್ಕೆ, ಆ ಕಡೆಯಿಂದಲೂ ಹಾಗೆಯೇ, 5 ಮಾತ್ರ ನೇರ 5ಕ್ಕೆ. ಮಲ್ಟಿಮೀಟರ್ ಹಿಡಿದಾಗ 2ರಿಂದ 2ಕ್ಕೇ ಬೀಪ್ ಬಂದರೆ ಅದು ಬರೀ ಎಕ್ಸ್‌ಟೆನ್ಷನ್ ಕೇಬಲ್, ಈ ಕೆಲಸಕ್ಕೆ ಬಾರದು.

486ರಿಂದ ಫ್ಲಾಪಿಗೆ, ಫ್ಲಾಪಿಯಿಂದ ಯುಎಸ್‌ಬಿ ಫ್ಲಾಪಿ ಡ್ರೈವ್ ಮೂಲಕ ಈಗಿನ ಕಂಪ್ಯೂಟರಿಗೆ. ಅಲ್ಲಿ ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಯೂನಿಕೋಡ್‌ಗೆ ಬದಲಾಯಿಸಲು ವಿಂಡೋಸ್‌ನಲ್ಲಿ ಇಸ್ಕಿ ಕನ್ನಡಕ್ಕೆಂದೇ 57008 ಎಂಬ ಕೋಡ್ ಪೇಜ್ (ಅಕ್ಷರಸಂಕೇತಗಳ ಪಟ್ಟಿ) ಇದೆ. ಪ್ರೋಗ್ರಾಮಿಂಗ್ ಬಲ್ಲ ಯಾರಿಗಾದರೂ ಈ ಸಂಖ್ಯೆ ಕೊಡಿ, ಸಾಕು. ಬದಲಾಯಿಸಿದ ಮೇಲೂ ಇಸ್ಕಿ ಕಡತಗಳ ಎರಡು ಪ್ರತಿ ಬೇರೆ ಬೇರೆ ಕಡೆ ಇರಲಿ.