ಒಂದೊಂದೇ ಜೀವಕೋಶವನ್ನು ಓದಿದ ಮೇಲೂ ಅಂಗಾಂಶದ ಚಿತ್ರ ಏಕೆ ಬೇಕು?

ಏಕಕೋಶ ವಿಶ್ಲೇಷಣೆಯಿಂದ ಪ್ರತಿ ಜೀವಕೋಶದ ವಿವರ ಸಿಗುವಾಗ ಅಂಗಾಂಶದ ಚಿತ್ರಣವೇಕೆ ಎಂದು ಬಾಗಲಕೋಟೆಯ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಅವರದೇ ಜಿಲ್ಲೆಯ ಇಳಕಲ್ ಸೀರೆಯ ಸೆರಗನ್ನು ಎಳೆಎಳೆಯಾಗಿ ಬಿಡಿಸಿದರೆ ಕೆಂಪು ಎಷ್ಟು, ಬಿಳಿ ಎಷ್ಟು ಎಂದು ಎಣಿಸಬಹುದು. ನೇಯ್ಗೆಯ ವಿನ್ಯಾಸ ಮಾತ್ರ ಕೈತಪ್ಪುತ್ತದೆ.

ಏಕಕೋಶ ವಿಧಾನದಲ್ಲಿ ಅಂಗಾಂಶವನ್ನು ಕಿಣ್ವಗಳಿಂದ ಸಡಿಲಿಸಿ, ಒಂದೊಂದು ಕೋಶವನ್ನೂ ಎಣ್ಣೆಯೊಳಗಿನ ಸೂಕ್ಷ್ಮ ಹನಿಯಲ್ಲಿ ಸೆರೆಹಿಡಿದು, ಅದರ ಆರ್‌ಎನ್‌ಎಗೆ (ಯಾವ ಜೀನ್‌ಗಳು ಕೆಲಸದಲ್ಲಿವೆ ಎಂದು ತೋರುವ ಅಣುಗಳಿಗೆ) ಆ ಹನಿಗಷ್ಟೇ ಸೇರಿದ ಬಾರ್‌ಕೋಡ್, ಅಂದರೆ ಗುರುತಿನ ಡಿಎನ್‌ಎ ತುಣುಕು, ಅಂಟಿಸಿ ಓದುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುವ ಟಿ ಕೋಶಗಳಲ್ಲಿ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ) ಕಾದಾಡುತ್ತಿರುವವು ಯಾವುವು, ದಣಿದವು ಯಾವುವು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳಂಥ ನಾಜೂಕು ಕೋಶಗಳು ಬಿಡಿಸುವಾಗಲೇ ಬಹಳಷ್ಟು ನಾಶವಾಗುತ್ತವೆ. ಬಿಡಿಸುವ ಕ್ರಿಯೆಯೇ ಒತ್ತಡದ ಜೀನ್‌ಗಳನ್ನು ಎಬ್ಬಿಸುವುದೂ ಉಂಟು (ಹೊಸಬರು ಇದನ್ನೇ ರೋಗದ ಗುರುತೆಂದು ತಿಳಿದು ಮೋಸಹೋಗುತ್ತಾರೆ).

ಕ್ಷಯರೋಗದ ಗಂಟನ್ನೇ, ಅಂದರೆ ಗ್ರ್ಯಾನುಲೋಮಾವನ್ನೇ, ತೆಗೆದುಕೊಳ್ಳಿ. ನಡುವೆ ಬ್ಯಾಕ್ಟೀರಿಯಾ ನುಂಗಿದ ಮ್ಯಾಕ್ರೋಫೇಜ್‌ಗಳೆಂಬ ರಕ್ಷಣಾ ಕೋಶಗಳು, ಸುತ್ತಲೂ ಟಿ ಕೋಶಗಳ ಕಟ್ಟು. ಟಿ ಕೋಶಗಳು ಎಷ್ಟಿದ್ದರೇನು, ಹೊರಸುತ್ತಿನಲ್ಲೇ ನಿಂತು ಸೋಂಕಿತ ಕೋಶವನ್ನು ಮುಟ್ಟದಿದ್ದರೆ ಪ್ರಯೋಜನ ಕಡಿಮೆ. ಈ ಸಂಗತಿ ಎಣಿಕೆಯಲ್ಲಿ ಸಿಗದು. ಸುಮಾರು 5 ಮೈಕ್ರಾನ್ ದಪ್ಪದ ಅಂಗಾಂಶದ ಪದರಕ್ಕೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು (ನಿರ್ದಿಷ್ಟ ಪ್ರೋಟೀನ್‌ಗೇ ಅಂಟುವ ಅಣುಗಳನ್ನು) ಹಚ್ಚಿ, ಚಿತ್ರ ತೆಗೆದು, ಬಣ್ಣ ಅಳಿಸಿ, ಮತ್ತೆ ಬೇರೆ ಪ್ರತಿಕಾಯ ಹಚ್ಚುತ್ತ ಹತ್ತಾರು ಪ್ರೋಟೀನ್‌ಗಳನ್ನು ಅದೇ ಪದರದಲ್ಲಿ ಗುರುತಿಸಿದಾಗ ಯಾವ ಕೋಶ ಎಲ್ಲಿದೆ ಎಂಬುದು ಕಾಣುತ್ತದೆ. ಯಾವ ಪ್ರೋಟೀನ್‌ಗಳನ್ನು ಹುಡುಕಬೇಕೆಂದು ಮೊದಲೇ ಆರಿಸಿಕೊಳ್ಳಬೇಕಷ್ಟೆ. ಆ ಪಟ್ಟಿಯನ್ನು ಎಷ್ಟೋ ಸಲ ಏಕಕೋಶದ ಓದೇ ಕೊಡುತ್ತದೆ.