ಕೈಯಲ್ಲಿ ಹಿಡಿಯುವ ಸಿಬಿ ರೇಡಿಯೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಾಮಾನ್ಯ ಜನರು ಪರಸ್ಪರ ಮಾತನಾಡಲೆಂದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಬಿಟ್ಟುಕೊಟ್ಟಿರುವ ರೇಡಿಯೊ ತರಂಗಗಳ ಪಟ್ಟಿಗೆ ಸಿಟಿಜನ್ಸ್ ಬ್ಯಾಂಡ್, ಚಿಕ್ಕದಾಗಿ ಸಿಬಿ, ಎಂದು ಹೆಸರು. ಅಮೆರಿಕದಲ್ಲಿ ಈ ಪಟ್ಟಿ 1958ರಲ್ಲಿ 23 ಚಾನೆಲ್‌ಗಳೊಂದಿಗೆ ಆರಂಭವಾಗಿ 1977ರಲ್ಲಿ 40 ಚಾನೆಲ್‌ಗಳಿಗೆ ವಿಸ್ತರಿಸಿತು. 26.965ರಿಂದ 27.405 ಮೆಗಾಹರ್ಟ್ಸ್‌ವರೆಗಿನ ಅದೇ 40 ಚಾನೆಲ್‌ಗಳನ್ನು ಇಂದು ಹಲವು ದೇಶಗಳು ಬಳಸುತ್ತವೆ. ಈ ಸೆಟ್‌ಗಳ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ವ್ಯಾಟ್ ಕುರಿತಾಗಿವೆ. ಉತ್ತರಗಳು ಬಹುಪಾಲು ಆಂಟೆನಾದ ಕಡೆಗೇ ಹೋಗುತ್ತವೆ ಎಂಬುದನ್ನು ಓದುಗರು ಗಮನಿಸುತ್ತಾರೆ.

ಪ್ರಶ್ನೆ: ಒಂದು ಜೊತೆ ಸಿಬಿ ಹ್ಯಾಂಡ್‌ಸೆಟ್ ಕೊಂಡಿದ್ದೇನೆ. ಎಷ್ಟೋ ಕಿಲೋಮೀಟರ್ ದೂರ ತಲುಪುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಆದರೆ ಒಂದೂವರೆ ಕಿಲೋಮೀಟರ್ ದಾಟಿದೊಡನೆ ಮಾತು ಕೇಳಿಸುವುದಿಲ್ಲ. ಸೆಟ್ ಕೆಟ್ಟಿದೆಯೇ? ಹೆಚ್ಚು ವ್ಯಾಟ್‌ನ ಸೆಟ್ ಕೊಳ್ಳಬೇಕೇ?

ಉತ್ತರ: ಸೆಟ್ ಕೆಟ್ಟಿಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸುವ ದೂರವು ಒಂದು ಬೆಟ್ಟದ ನೆತ್ತಿಯಿಂದ ಇನ್ನೊಂದು ಬೆಟ್ಟದ ನೆತ್ತಿಗೆ, ನಡುವೆ ಏನೂ ಅಡ್ಡವಿಲ್ಲದಿದ್ದಾಗ ಸಿಗಬಹುದಾದದ್ದು. ಸೆಟ್ಟಿನ ಜೊತೆಗೆ ಬರುವ ಮೋಟು ರಬ್ಬರ್ ಆಂಟೆನಾ ಹಾಕಿಕೊಂಡು, ಸಮತಟ್ಟಾದ ನೆಲದ ಮೇಲೆ ನಿಂತು ಇಬ್ಬರು ಮಾತನಾಡುವಾಗ ಒಂದರಿಂದ ಮೂರು ಕಿಲೋಮೀಟರ್ ಸಿಕ್ಕರೆ ಅದು ಸರಿಯಾದ ಫಲಿತಾಂಶವೇ. ಕಟ್ಟಡಗಳ ನಡುವೆ ಅಷ್ಟೂ ಸಿಗುವುದಿಲ್ಲ.

ಇದಕ್ಕೆ ಕಾರಣ ತರಂಗದ ಅಳತೆಯಲ್ಲಿದೆ. 27 ಮೆಗಾಹರ್ಟ್ಸ್‌ನಲ್ಲಿ ಒಂದು ತರಂಗದ ಉದ್ದ ಸುಮಾರು 11 ಮೀಟರ್. ನೆಟ್ಟಗೆ ನಿಂತು ಚೆನ್ನಾಗಿ ಕೆಲಸ ಮಾಡುವ ಆಂಟೆನಾ ಅದರ ಕಾಲುಭಾಗ, ಅಂದರೆ ಸುಮಾರು 2.7 ಮೀಟರ್ ಇರಬೇಕಾಗುತ್ತದೆ. ಅಷ್ಟುದ್ದದ ಕಡ್ಡಿಯನ್ನು ಕೈಯಲ್ಲಿ ಹಿಡಿದು ಓಡಾಡಲಾಗದ ಕಾರಣ ತಯಾರಕರು ತಂತಿಯನ್ನು ಸುರುಳಿ ಸುತ್ತಿ ಗೇಣುದ್ದದ ರಬ್ಬರಿನೊಳಗೆ ಅಡಗಿಸುತ್ತಾರೆ. ಸೆಟ್ಟಿನ ಪಾಲಿಗೆ ಅದು ಪೂರ್ತಿ ಉದ್ದದ ಆಂಟೆನಾದಂತೆ ತೋರಿದರೂ, ಶಕ್ತಿಯ ದೊಡ್ಡ ಪಾಲು ಗಾಳಿಗೆ ಹೋಗದೆ ಸುರುಳಿಯಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಸಾಲದೆಂಬಂತೆ, ಆಂಟೆನಾದ ಇನ್ನೊಂದು ಅರ್ಧವಾಗಿ ಕೆಲಸ ಮಾಡಬೇಕಾದ ನೆಲೆಯೂ ಹ್ಯಾಂಡ್‌ಸೆಟ್ಟಿಗೆ ಇರುವುದಿಲ್ಲ. ಸೆಟ್ಟಿನ ಪುಟ್ಟ ಲೋಹದ ಚೌಕಟ್ಟು ಮತ್ತು ಅದನ್ನು ಹಿಡಿದ ನಿಮ್ಮ ಕೈ ಆ ಕೊರತೆಯನ್ನು ಹೇಗೋ ತುಂಬುತ್ತವೆ.

ಆದ್ದರಿಂದ ಮೊದಲು ಮಾಡಬೇಕಾದದ್ದಕ್ಕೆ ಕಾಸು ಬೇಕಿಲ್ಲ. ಸೆಟ್ಟನ್ನು ಓರೆಯಾಗಿ ಹಿಡಿಯದೆ ಆಂಟೆನಾ ನೆಟ್ಟಗಿರುವಂತೆ, ತಲೆಯಿಂದ ತುಸು ದೂರದಲ್ಲಿ ಹಿಡಿಯಿರಿ. ಆ ಕಡೆಯವರೂ ಹಾಗೆಯೇ ಹಿಡಿಯಲಿ. ತಗ್ಗಿನಲ್ಲಿದ್ದರೆ ದಿಣ್ಣೆ ಹತ್ತಿ, ಕಟ್ಟಡದೊಳಗಿದ್ದರೆ ತಾರಸಿಗೆ ಬನ್ನಿ. ಎರಡನೆಯದಾಗಿ, ಆಂಟೆನಾ ಬಿಚ್ಚಬಹುದಾದ ಸೆಟ್ ನಿಮ್ಮದಾಗಿದ್ದರೆ, 27 ಮೆಗಾಹರ್ಟ್ಸ್‌ಗೆಂದೇ ಮಾಡಿದ, ಬುಡದಲ್ಲಿ ಸುರುಳಿಯಿರುವ, ಒಂದು ಮೀಟರಿಗಿಂತ ಉದ್ದಕ್ಕೆ ಎಳೆಯಬಹುದಾದ ಟೆಲಿಸ್ಕೋಪಿಕ್ ಆಂಟೆನಾ ಹಾಕಿ ನೋಡಿ. ಮೂರನೆಯದು ಅನುಭವಿಗಳು ಮಾಡುವ ಉಪಾಯ: ಸುಮಾರು 2.7 ಮೀಟರ್ ಉದ್ದದ, ಪ್ಲಾಸ್ಟಿಕ್ ಹೊದಿಕೆಯ ಮೆತ್ತನೆಯ ತಂತಿಯೊಂದನ್ನು ಆಂಟೆನಾ ಕನೆಕ್ಟರಿನ ಹೊರಗಿನ ಲೋಹದ ಬಳೆಗೆ ಸಿಕ್ಕಿಸಿ ಬಾಲದ ಹಾಗೆ ಇಳಿಬಿಡುವುದು. ಒಳಗಿನ ಪಿನ್ನಿಗೆ ಅದು ಎಲ್ಲಿಯೂ ತಾಗಬಾರದು. ಇಲ್ಲದಿದ್ದ ನೆಲೆಯನ್ನು ಈ ತಂತಿ ಒದಗಿಸುವುದರಿಂದ ಆಂಟೆನಾ ಬದಲಿಸದೆಯೂ ಸದ್ದು ಸ್ಪಷ್ಟವಾಗುವುದುಂಟು. ವಿದ್ಯುತ್ ತಂತಿಗಳ ಹತ್ತಿರ, ಗುಡುಗು ಮಿಂಚಿನ ಸಮಯದಲ್ಲಿ ಉದ್ದನೆಯ ಆಂಟೆನಾವಾಗಲಿ ತಂತಿಯಾಗಲಿ ಬೇಡ.

ಇನ್ನು ವ್ಯಾಟ್ ವಿಚಾರ. ಸಂಕೇತದ ಬಲವನ್ನು ತೋರಿಸುವ ಎಸ್ ಮೀಟರಿನಲ್ಲಿ ಒಂದು ಮನೆ ಏರಬೇಕಾದರೆ ಶಕ್ತಿ ನಾಲ್ಕು ಪಟ್ಟು ಹೆಚ್ಚಬೇಕೆಂಬುದು ಲೆಕ್ಕ. ನಿಮ್ಮ ಸೆಟ್ಟಿನಲ್ಲಿ ಹೈ ಮತ್ತು ಲೋ ಎಂಬ ಗುಂಡಿಯಿದ್ದು, ಅದು 4 ವ್ಯಾಟ್ ಮತ್ತು 1 ವ್ಯಾಟ್ ನಡುವೆ ಬದಲಾಗುವಂಥದ್ದಾದರೆ ನೀವೇ ಪರೀಕ್ಷಿಸಬಹುದು: ಆ ಕಡೆಯವರ ಮೀಟರ್ ಹೆಚ್ಚುಕಡಿಮೆ ಒಂದು ಮನೆಯಷ್ಟೇ ಅಲುಗಾಡುತ್ತದೆ. ರಬ್ಬರ್ ಆಂಟೆನಾ ಬಿಚ್ಚಿ ಉದ್ದನೆಯದನ್ನು ಹಾಕಿದಾಗ ಅದೇ ಮೀಟರ್ ಇನ್ನೂ ಹೆಚ್ಚು ಏರುವುದು ಸಾಮಾನ್ಯ. ಅಲ್ಲದೆ, ವ್ಯಾಟ್ ಹೆಚ್ಚಿಸಿದರೆ ನಿಮ್ಮ ಮಾತು ಮಾತ್ರ ಅವರಿಗೆ ತಲುಪುತ್ತದೆ, ಅವರ ಉತ್ತರ ನಿಮಗೆ ಕೇಳಿಸಲು ಅದರಿಂದ ಏನೂ ಉಪಯೋಗವಿಲ್ಲ. ಆಂಟೆನಾ ಸುಧಾರಿಸಿದರೆ ಹೇಳುವುದೂ ಕೇಳುವುದೂ ಒಟ್ಟಿಗೆ ಸುಧಾರಿಸುತ್ತವೆ.

ಪ್ರಶ್ನೆ: ಸೆಟ್ ಹಾಕಿದ ಕೂಡಲೇ ಭೋರೆಂಬ ಸದ್ದು. ಯಾವ ತಿರುಪನ್ನು ಮೊದಲು ತಿರುಗಿಸಬೇಕು, ಬ್ಯಾಟರಿ ಯಾವುದು ಹಾಕಬೇಕು?

ಉತ್ತರ: ಸೆಟ್ ಹಾಕುವ ಮೊದಲು ಆಂಟೆನಾ ಬಿಗಿಯಾಗಿ ಕೂತಿದೆಯೇ ನೋಡಿ. ಆಂಟೆನಾ ಇಲ್ಲದೆ ಮಾತಿನ ಗುಂಡಿ ಒತ್ತಿದರೆ, ಹೊರಹೋಗಲಾಗದ ಶಕ್ತಿ ಸೆಟ್ಟಿನೊಳಗಿನ ಕೊನೆಯ ಟ್ರಾನ್ಸಿಸ್ಟರನ್ನೇ ಸುಡಬಹುದು.

ಭೋರೆನ್ನುವುದು ಖಾಲಿ ಚಾನೆಲ್ಲಿನ ಸಹಜ ಗದ್ದಲ, ಅದನ್ನು ಅಡಗಿಸುವ ತಿರುಪಿಗೆ ಸ್ಕ್ವೆಲ್ಚ್ ಎನ್ನುತ್ತಾರೆ. ಯಾರೂ ಮಾತನಾಡದ ಚಾನೆಲ್ಲಿಗೆ ಹೋಗಿ, ಸ್ಕ್ವೆಲ್ಚನ್ನು ಪೂರ್ತಿ ತೆರೆದು ಗದ್ದಲ ಕೇಳಿಸುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ. ಆಮೇಲೆ ಸ್ಕ್ವೆಲ್ಚನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಜಾಗದಲ್ಲಿ ಸದ್ದು ಥಟ್ಟನೆ ನಿಲ್ಲುತ್ತದೆ. ಅಲ್ಲಿಗೇ ಬಿಡಿ. ನೆಮ್ಮದಿಗೆಂದು ಇನ್ನೂ ಮುಂದಕ್ಕೆ ತಿರುಗಿಸಿದರೆ ಗದ್ದಲದ ಜೊತೆಗೆ ದೂರದ ಸಣ್ಣ ದನಿಗಳೂ ಮುಚ್ಚಿಹೋಗುತ್ತವೆ. ಸೆಟ್ ಸತ್ತಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ದೂರುಗಳ ಮೂಲ ಇದೇ. ಕ್ಷೀಣ ದನಿಯನ್ನು ಕೇಳಲೇಬೇಕಾದಾಗ ಗದ್ದಲ ಸಹಿಸಿಕೊಂಡು ಸ್ಕ್ವೆಲ್ಚ್ ತೆರೆದಿಡಿ. ಮನೆಯೊಳಗೆ ಗದ್ದಲ ವಿಪರೀತವಾಗಿದ್ದರೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಮುಂತಾದವನ್ನು ಒಂದೊಂದಾಗಿ ಆರಿಸಿ ನೋಡಿ, ತಪ್ಪಿತಸ್ಥ ಬೇಗ ಸಿಕ್ಕಿಬೀಳುತ್ತಾನೆ.

ಬ್ಯಾಟರಿಯಲ್ಲಿ ಎಚ್ಚರ ಬೇಕು. ಸಾಧಾರಣ ಆಲ್ಕಲೈನ್ ಸೆಲ್ 1.5 ವೋಲ್ಟ್, ಮರುಚಾರ್ಜ್ ಮಾಡಬಹುದಾದ ನಿಕ್ಕೆಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್ ಕೊಡುತ್ತದೆ. 12 ವೋಲ್ಟ್ ಬೇಕಾದ ಸೆಟ್ಟಿಗೆ ಮೊದಲನೆಯದು ಎಂಟು, ಎರಡನೆಯದು ಹತ್ತು ಬೇಕು. ಹತ್ತು ಸೆಲ್ಲಿನ ಗೂಡಿನಲ್ಲಿ ಆಲ್ಕಲೈನ್ ಬಳಸುವವರಿಗೆಂದು ಕೆಲವು ತಯಾರಕರು ಎರಡು ಡಮ್ಮಿ ಸೆಲ್ (ವಿದ್ಯುತ್ ಕೊಡದೆ ಜಾಗ ತುಂಬಿ ಸಂಪರ್ಕವನ್ನಷ್ಟೇ ಕೂಡಿಸುವ ಸೆಲ್) ಕೊಟ್ಟಿರುತ್ತಾರೆ, ಅವನ್ನು ಕಸವೆಂದು ಎಸೆಯಬೇಡಿ. ಆಲ್ಕಲೈನ್ ಸೆಲ್ ಒಳಗಿರುವಾಗ ಸೆಟ್ಟಿನ ಚಾರ್ಜಿಂಗ್ ರಂಧ್ರಕ್ಕೆ ಚಾರ್ಜರ್ ಚುಚ್ಚಲೇಬಾರದು. ಸೆಲ್ ಸೋರಬಹುದು, ಒಡೆಯಲೂಬಹುದು.

ಪ್ರಶ್ನೆ: ನನ್ನದೂ ಗೆಳೆಯನದೂ ಬೇರೆ ಬೇರೆ ಕಂಪನಿಯ ಸಿಬಿ ಸೆಟ್. ಇಬ್ಬರೂ ಒಂದೇ ಚಾನೆಲ್ ಸಂಖ್ಯೆಯಲ್ಲಿದ್ದರೂ ಮಾತು ಗೊಗ್ಗರಾಗಿ ಕೇಳುತ್ತದೆ.

ಉತ್ತರ: ದನಿಯನ್ನು ತರಂಗದ ಮೇಲೆ ಹೊರಿಸಿ ಕಳಿಸಲು ಎಎಂ, ಎಫ್‌ಎಂ ಎಂಬ ಬೇರೆ ಬೇರೆ ವಿಧಾನಗಳಿವೆ; ಒಬ್ಬರದು ಎಎಂ, ಇನ್ನೊಬ್ಬರದು ಎಫ್‌ಎಂ ಆಗಿರುವ ಸಾಧ್ಯತೆ ಹೆಚ್ಚು. ಎರಡೂ ಸೆಟ್ ಒಂದೇ ವಿಧಾನದಲ್ಲಿರಬೇಕು. ಅದೂ ಸರಿಯಿದ್ದರೆ, ಸೆಟ್ಟಿನಲ್ಲಿ ಯಾವ ದೇಶದ ಪಟ್ಟಿಯನ್ನು ಆರಿಸಿದೆ ನೋಡಿ. ಬ್ರಿಟನ್ನಿನಲ್ಲಿ ಮಾಮೂಲಿ 40 ಚಾನೆಲ್‌ಗಳಲ್ಲದೆ 27.60125ರಿಂದ 27.99125 ಮೆಗಾಹರ್ಟ್ಸ್‌ವರೆಗೆ ಬೇರೆಯದೇ 40 ಚಾನೆಲ್‌ಗಳಿವೆ. ಒಬ್ಬರ ಸೆಟ್ ಆ ಪಟ್ಟಿಯಲ್ಲಿದ್ದರೆ ಪರದೆಯ ಮೇಲೆ ಇಬ್ಬರಿಗೂ 19 ಎಂದೇ ಕಂಡರೂ ಇಬ್ಬರೂ ಬೇರೆ ಬೇರೆ ಕಡೆ ಇರುತ್ತಾರೆ, ಆಗ ಗೊಗ್ಗರು ದನಿಯೂ ಕೇಳಿಸುವುದಿಲ್ಲ. ಇದೇ ಸಂದರ್ಭದಲ್ಲಿ ಇನ್ನೊಬ್ಬ ಓದುಗರಿಗೂ ಉತ್ತರಿಸಿಬಿಡುತ್ತೇನೆ: 446 ಅಥವಾ 462 ಮೆಗಾಹರ್ಟ್ಸ್‌ನ ಚಿಕ್ಕ ವಾಕಿಟಾಕಿಗಳು ಸಿಬಿ ಅಲ್ಲ, ಅವುಗಳೊಂದಿಗೆ ಸಿಬಿ ಸೆಟ್ ಮಾತನಾಡಲಾರದು.

ಪ್ರಶ್ನೆ: ಇದಕ್ಕೆ ಲೈಸೆನ್ಸ್ ಬೇಕೇ?

ಉತ್ತರ: ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಎಎಂನಲ್ಲಿ 4 ವ್ಯಾಟ್, ಎಸ್‌ಎಸ್‌ಬಿ (ಎಎಂ ಸಂಕೇತದ ಒಂದು ಪಕ್ಕವನ್ನು ಮಾತ್ರ ಕಳಿಸುವ) ವಿಧಾನದಲ್ಲಿ ಗರಿಷ್ಠ 12 ವ್ಯಾಟ್ ಮಿತಿಯಿದೆ, 2021ರಿಂದ ಎಫ್‌ಎಂಗೂ ಅವಕಾಶ ಸಿಕ್ಕಿದೆ. ನೀವು ಬಳಸುವ ದೇಶದ ದೂರಸಂಪರ್ಕ ಇಲಾಖೆಯ ನಿಯಮವನ್ನು ಕೊಳ್ಳುವ ಮೊದಲೇ ಓದಿಕೊಳ್ಳಿ. ಶಕ್ತಿ ಹೆಚ್ಚಿಸಲು ಸೆಟ್ಟಿನೊಳಗೆ ಕೈಹಾಕುವುದು ಎಲ್ಲಿಯೂ ಬೇಡ.

ಪ್ರಶ್ನೆ: ಕಾರಿನಲ್ಲಿ ಕೂತು ಹ್ಯಾಂಡ್‌ಸೆಟ್ ಬಳಸಿದರೆ ಏನೂ ಕೇಳಿಸುವುದಿಲ್ಲವಲ್ಲ?

ಉತ್ತರ: ಕಾರಿನ ಲೋಹದ ಮೈ ತರಂಗಗಳನ್ನು ತಡೆಯುತ್ತದೆ. ಅದೇ ಮೈಯನ್ನು ಉಪಯೋಗಕ್ಕೆ ತಂದುಕೊಳ್ಳಬಹುದು: ಮ್ಯಾಗ್ನೆಟ್ ಬುಡದ ಆಂಟೆನಾವನ್ನು ಚಾವಣಿಯ ನಟ್ಟನಡುವೆ ಕೂರಿಸಿ, ಅದರ ಕೇಬಲನ್ನು ಸೂಕ್ತ ಅಡಾಪ್ಟರ್ ಮೂಲಕ ಸೆಟ್ಟಿಗೆ ಜೋಡಿಸಿದರೆ ಮೇಲೆ ಹೇಳಿದ ನೆಲೆಯ ಕೆಲಸವನ್ನು ಚಾವಣಿಯೇ ಮಾಡುತ್ತದೆ. ಆಗ ಆಂಟೆನಾದಿಂದ ಎಷ್ಟು ಶಕ್ತಿ ಹಿಂದಕ್ಕೆ ಬರುತ್ತಿದೆ ಎಂಬುದನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಒಂದನ್ನು ಸೆಟ್ಟಿಗೂ ಆಂಟೆನಾಗೂ ನಡುವೆ ಹಾಕಿ ಚಾನೆಲ್ 1, 20 ಮತ್ತು 40ರಲ್ಲಿ ಅಳೆಯುವುದು ಅಗತ್ಯ. 1.5ರ ಒಳಗಿದ್ದರೆ ಉತ್ತಮ, 2ರವರೆಗೆ ಪರವಾಗಿಲ್ಲ. 3 ಬಂದರೆ ಕಳಿಸಿದ ಶಕ್ತಿಯ ಕಾಲುಭಾಗ ಹಿಂದಕ್ಕೆ ಬರುತ್ತಿದೆ ಎಂದರ್ಥ, ಮಾತು ನಿಲ್ಲಿಸಿ. ಚಾನೆಲ್ 40ರಲ್ಲಿ ಹೆಚ್ಚು, 1ರಲ್ಲಿ ಕಡಿಮೆ ಬಂದರೆ ಆಂಟೆನಾ ಉದ್ದವಾಗಿದೆ, ತುಸು ಗಿಡ್ಡ ಮಾಡಿ. ತಿರುಗುಮುರುಗಾಗಿದ್ದರೆ ಉದ್ದ ಮಾಡಿ. ಕಾರಿನ ಬಾಗಿಲುಗಳನ್ನು ಮುಚ್ಚಿ, ಗೋಡೆಗಳಿಂದ ದೂರ ನಿಲ್ಲಿಸಿ ಅಳೆಯದಿದ್ದರೆ ಅಂಕಿಗಳನ್ನು ನಂಬಲಾಗದು.

ಪ್ರಶ್ನೆ: ಮಾತನಾಡುವ ಪದ್ಧತಿ ಏನಾದರೂ ಇದೆಯೇ? ಪ್ರೈವೆಸಿ ಕೋಡ್ ಹಾಕಿದರೆ ನಮ್ಮ ಮಾತು ಗುಟ್ಟಾಗಿರುತ್ತದೆಯೇ?

ಉತ್ತರ: ಗುಟ್ಟಾಗಿರುವುದಿಲ್ಲ. ಆ ಕೋಡ್ ಅದನ್ನು ಹಾಕದವರ ಮಾತಿಗೆ ನಿಮ್ಮ ಕಿವಿಯನ್ನು ಮುಚ್ಚುತ್ತದೆಯೇ ಹೊರತು ಇತರರದನ್ನಲ್ಲ; ಅದಿಲ್ಲದ ಸೆಟ್ಟಿನವರಿಗೆ ನಿಮ್ಮ ಪ್ರತಿಯೊಂದು ಮಾತೂ ಕೇಳುತ್ತದೆ. ಪದ್ಧತಿಯೆಂದರೆ ಮೊದಲು ಕೇಳಿಸಿಕೊಳ್ಳುವುದು. ಚಾನೆಲ್ ಖಾಲಿಯಿದ್ದರೆ ಗುಂಡಿ ಒತ್ತಿ, ಅರೆಗಳಿಗೆ ತಡೆದು, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರವಿಟ್ಟು ಸಹಜ ದನಿಯಲ್ಲಿ ಮಾತನಾಡಿ. ಒತ್ತಿದ ತಕ್ಷಣ ಮಾತು ಶುರುಮಾಡಿದರೆ ಮೊದಲ ಪದವೇ ತುಂಡಾಗುತ್ತದೆ, ಕೂಗಿದರೆ ದನಿ ಒಡೆಯುತ್ತದೆ. ಅಮೆರಿಕದಲ್ಲಿ ಚಾನೆಲ್ 9 ತುರ್ತು ಕರೆಗೆ ಮತ್ತು ಪ್ರಯಾಣಿಕರ ನೆರವಿಗೆ ಮೀಸಲು, ಚಾನೆಲ್ 19ರಲ್ಲಿ ಲಾರಿ ಚಾಲಕರು ರಸ್ತೆಯ ಸ್ಥಿತಿಗತಿ ಹಂಚಿಕೊಳ್ಳುತ್ತಾರೆ. ಟೆನ್-ಫೋರ್ ಎಂದರೆ ತಿಳಿಯಿತು, ಟೆನ್-ನೈನ್ ಎಂದರೆ ಇನ್ನೊಮ್ಮೆ ಹೇಳಿ. ಇವೆರಡು ಗೊತ್ತಿದ್ದರೆ ಸಾಕು, ಉಳಿದದ್ದನ್ನು ನಿಮ್ಮ ಮಾಮೂಲಿ ಮಾತಿನಲ್ಲೇ ಹೇಳಬಹುದು.

ಪ್ರಶ್ನೆ: ಕೆಲವು ದಿನ ಹಗಲು ಹೊತ್ತಿನಲ್ಲಿ ಅರ್ಥವಾಗದ ಭಾಷೆಯ ದನಿಗಳು ಜೋರಾಗಿ ಕೇಳಿ, ಪಕ್ಕದ ಬೀದಿಯ ಗೆಳೆಯನ ದನಿ ಮುಳುಗಿಹೋಗುತ್ತದೆ. ಏಕೆ?

ಉತ್ತರ: ನಿಮಗೆ ಕೇಳಿಸುತ್ತಿರುವುದು ಸಾವಿರಾರು ಕಿಲೋಮೀಟರ್ ದೂರದವರ ಮಾತು. ಸೂರ್ಯನ ಕಿರಣಗಳಿಂದ ವಾತಾವರಣದ ಮೇಲ್ಪದರದಲ್ಲಿ ವಿದ್ಯುದಾವೇಶ ಪಡೆದ ಅಯಾನುಗೋಳವು 27 ಮೆಗಾಹರ್ಟ್ಸ್ ತರಂಗಗಳನ್ನು ಕೆಲವೊಮ್ಮೆ ನೆಲಕ್ಕೆ ಬಾಗಿಸಿ ಕಳಿಸುತ್ತದೆ. ಬಳಕೆದಾರರು ಇದನ್ನು ಸ್ಕಿಪ್ ಎನ್ನುತ್ತಾರೆ. ಸೂರ್ಯನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚುತ್ತವೆ, ಆ ವರ್ಷಗಳಲ್ಲಿ ಸ್ಕಿಪ್ ಕೂಡ ಹೆಚ್ಚು. ಎಎಂನಲ್ಲಿ ಎರಡು ಸಂಕೇತಗಳು ಒಂದರ ಮೇಲೊಂದು ಬಿದ್ದಾಗ ಸಿಳ್ಳೆ ಹೊಡೆದಂತಾಗಿ ಇಬ್ಬರ ಮಾತೂ ಕೆಡುತ್ತದೆ. ಎಫ್‌ಎಂ ಗ್ರಾಹಕವಾದರೋ ಎರಡರಲ್ಲಿ ಬಲವಾದದ್ದನ್ನು ಹಿಡಿದುಕೊಂಡು ದುರ್ಬಲವಾದದ್ದನ್ನು ಅದುಮಿಬಿಡುತ್ತದೆ. ಹಾಗಾಗಿ ನಿಮ್ಮಲ್ಲಿ ಎಫ್‌ಎಂಗೆ ಅನುಮತಿಯಿದ್ದು ಎರಡೂ ಸೆಟ್‌ಗಳಲ್ಲಿ ಆ ಸೌಲಭ್ಯವಿದ್ದರೆ, ಅಂಥ ಹೊತ್ತಿನಲ್ಲಿ ಇಬ್ಬರೂ ಎಫ್‌ಎಂಗೆ ಬದಲಾಯಿಸಿ, ಗಲಾಟೆ ಕಡಿಮೆಯಿರುವ ಚಾನೆಲ್ ಒಂದನ್ನು ಆರಿಸಿಕೊಳ್ಳಿ. ಎಎಂ ಮಾತ್ರ ಇರುವ ಸೆಟ್ಟಿನವರು ಸಂಜೆ ಕತ್ತಲಾಗುವವರೆಗೆ ಕಾಯುವುದೇ ಲೇಸು. ಸೂರ್ಯ ಮುಳುಗಿದ ಮೇಲೆ ಸ್ಕಿಪ್ ಸಾಮಾನ್ಯವಾಗಿ ಇಳಿಯುತ್ತದೆ.